ಅವಸರವಾಗಿ ಹೊರಟ ತಾಯಿ, ಎಚ್ಚರವಾಗಿರಬೇಕಾದ ನಾಡು
(ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ ಹಾಗೂ ಸ್ವಾತಂತ್ರ್ಯ ದಿನದ ಪ್ರಬೋಧನೆ)



ಆಗಸ್ಟ್ 15ರಂದು ನಮಗೆ ಎರಡು ಹಬ್ಬಗಳು. ಮಾತೆ ಮರಿಯಮ್ಮನವರು ಆತ್ಮ ಶರೀರಗಳೊಂದಿಗೆ ಸ್ವರ್ಗಕ್ಕೆ ಸ್ವೀಕೃತರಾದ ಮಹೋತ್ಸವವನ್ನು ಬಲಿಪೂಜೆಯಲ್ಲಿ ಆಚರಿಸುತ್ತೇವೆ. ಪೂಜೆ ಮುಗಿದೊಡನೆ ದೇವಾಲಯದ ಅಂಗಳದಲ್ಲೋ ಶಾಲೆಯ ಮೈದಾನದಲ್ಲೋ ತ್ರಿವರ್ಣ ಧ್ವಜದ ಕೆಳಗೆ ಸಾಲಾಗಿ ನಿಲ್ಲುತ್ತೇವೆ. ಒಂದು ಹಬ್ಬ ಪರಲೋಕದ್ದು, ಇನ್ನೊಂದು ಇಹಲೋಕದ್ದು ಎಂದು ಬೇರ್ಪಡಿಸಿ ನೋಡುವವರಿದ್ದಾರೆ. ಆದರೆ ಇಂದಿನ ಶುಭಸಂದೇಶವನ್ನು ಮನಸ್ಸಿಟ್ಟು ಆಲಿಸಿದರೆ, ಸ್ವರ್ಗ ಸೇರಿದ ಆ ತಾಯಿಯ ದಾರಿ ಈ ಮಣ್ಣಿನ ಮೇಲೆಯೇ, ಒಬ್ಬ ನೆರೆಯವಳ ಮನೆಯ ಕಡೆಗೆ ಸಾಗಿದ್ದು ನಮಗೆ ಕಾಣುತ್ತದೆ.

ಸ್ವಾತಂತ್ರ್ಯ ದಿನದಂದು ನಾವು ದೇಶದ ಭದ್ರತೆಗಾಗಿ ಪ್ರಾರ್ಥಿಸುತ್ತೇವೆ. ಭದ್ರತೆ ಎಂದೊಡನೆ ಕಣ್ಣ ಮುಂದೆ ಬರುವುದು ಗಡಿ, ಸೈನಿಕ, ಹಿಮದ ಶಿಖರ. ಅದು ಸರಿಯೇ. ಮನೆಯ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದ ತಂದೆತಾಯಿಯರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅವರ ತ್ಯಾಗದ ಮುಂದೆ ನಾವು ತಲೆಬಾಗುತ್ತೇವೆ. ಆದರೆ ದೇಶವನ್ನು ಅಲುಗಾಡಿಸುವ ಎಲ್ಲ ಅಪಾಯಗಳೂ ಗಡಿಯ ಮೂಲಕವೇ ಬರುವುದಿಲ್ಲ. ಪ್ರವಾಹ ನಮ್ಮದೇ ಹೊಳೆಯಿಂದ ಏರಿ ಬರುತ್ತದೆ. ಬರಗಾಲ ನಮ್ಮದೇ ಹೊಲದಲ್ಲಿ ಹುಟ್ಟುತ್ತದೆ. ಗಾಳಿಸುದ್ದಿ ನಮ್ಮದೇ ಜೇಬಿನ ಮೊಬೈಲಿನಲ್ಲಿ ಬಂದು ಕುಳಿತುಕೊಳ್ಳುತ್ತದೆ. ಇಂಥ ದಿನ ಒಂದು ನಾಡನ್ನು ಎತ್ತಿ ಹಿಡಿಯುವ ಶಕ್ತಿ ಯಾವುದು? ಅದು ಎಲ್ಲಿ, ಯಾವಾಗ ತಯಾರಾಗುತ್ತದೆ? ಇಂದು ಈ ಪ್ರಶ್ನೆಯನ್ನು ಮರಿಯಮ್ಮನವರ ಬಳಿ ಕುಳಿತು ಕೇಳೋಣ.

ಸಂತ ಲೂಕನು ಹೇಳುವುದನ್ನು ಗಮನಿಸೋಣ. ಗರ್ಭಿಣಿಯಾದ ಎಲಿಜಬೇತಮ್ಮನವರಿಗೆ ಆರನೆಯ ತಿಂಗಳು ನಡೆಯುತ್ತಿದೆ ಎಂಬ ಸುದ್ದಿ ಮರಿಯಮ್ಮನವರಿಗೆ ದೇವದೂತನಿಂದ ತಿಳಿಯಿತು. ಬಂದು ನೆರವಾಗು ಎಂದು ಯಾರೂ ಹೇಳಿ ಕಳುಹಿಸಿರಲಿಲ್ಲ. ಆದರೂ ಅವರು ಅವಸರವಾಗಿ ಎದ್ದು ಜುದೇಯದ ಗುಡ್ಡಗಾಡಿನ ಕಡೆಗೆ ಹೊರಟರು. ಹೋದವರು ಕುಶಲ ವಿಚಾರಿಸಿ ಮರುದಿನವೇ ಹಿಂದಿರುಗಲಿಲ್ಲ. ಸುಮಾರು ಮೂರು ತಿಂಗಳು ಅಲ್ಲಿಯೇ ಉಳಿದರು. ತಾನೇ ಗರ್ಭಿಣಿಯಾಗಿದ್ದಾಗ, ತನ್ನದೇ ನೂರು ಚಿಂತೆಗಳಿದ್ದಾಗ, ಇನ್ನೊಬ್ಬಳ ಅಗತ್ಯದ ಕಡೆಗೆ ಓಡಿದ ಆ ಹೆಜ್ಜೆಗಳನ್ನು ಧರ್ಮಸಭೆ ಈ ಮಹೋತ್ಸವದ ದಿನ ನಮ್ಮ ಮುಂದಿಡುತ್ತದೆ.

ಅವಸರದಲ್ಲಿ ಎರಡು ಬಗೆ ಇದೆ, ಪ್ರಿಯರೇ. ಒಂದು, ಕಷ್ಟದಲ್ಲಿರುವವರ ಕಡೆಗೆ ಓಡುವ ಅವಸರ. ಇನ್ನೊಂದು, ಹೆದರಿ ದೂರ ಓಡುವ ಅವಸರ. ಒಂದು ನಾಡಿನ ಬಲವನ್ನು ಅಳೆಯಬೇಕಾದರೆ, ಕೆಟ್ಟ ದಿನ ಬಂದಾಗ ಅಲ್ಲಿಯ ಜನರ ಕಾಲುಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ನೋಡಬೇಕು. ಇದನ್ನು ಅರ್ಥಮಾಡಿಕೊಳ್ಳಲು ನಾವು ಇದೇ ಆಗಸ್ಟ್ 15ರ ಎರಡು ವರ್ಷಗಳನ್ನು ನೆನೆಯೋಣ.

ಮೊದಲನೆಯದು 2012. ಊರು ನಮ್ಮ ಬೆಂಗಳೂರು. ಆ ವರ್ಷದ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ಭೀಕರ ಹಿಂಸಾಚಾರ ನಡೆದಿತ್ತು. ಅದರ ಬೆನ್ನಲ್ಲೇ ಬೆಂಗಳೂರಿನಲ್ಲಿ ದುಡಿಯುತ್ತಿದ್ದ, ಓದುತ್ತಿದ್ದ ಈಶಾನ್ಯ ರಾಜ್ಯಗಳ ಜನರ ಮೊಬೈಲುಗಳಿಗೆ ಬೆದರಿಕೆಯ ಎಸ್ಸೆಮ್ಮೆಸ್‌ಗಳು ಬರತೊಡಗಿದವು. ರಂಜಾನ್ ಮುಗಿಯುತ್ತಿದ್ದಂತೆ ನಿಮ್ಮ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಬಾಯಿಂದ ಬಾಯಿಗೆ ಹರಡಿತು. ಸ್ವಾತಂತ್ರ್ಯ ದಿನದ ಸಂಜೆಯ ಹೊತ್ತಿಗೆ ನಗರದ ರೈಲು ನಿಲ್ದಾಣ ತುಂಬಿಹೋಗಿತ್ತು. ಕೈಗೆ ಸಿಕ್ಕ ಚೀಲ ಹಿಡಿದು, ಸಂಬಳವನ್ನೂ ಕೇಳದೆ, ಸಾವಿರಾರು ಮಂದಿ ಗುವಾಹಟಿಯ ರೈಲಿಗಾಗಿ ಕಾದು ನಿಂತರು. ರೈಲ್ವೆಯವರು ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಮಂತ್ರಿಗಳು ನಿಲ್ದಾಣಕ್ಕೆ ಬಂದು ಹೋಗಬೇಡಿ ಎಂದು ಭರವಸೆ ಕೊಟ್ಟರು. ಎರಡು ದಿನಗಳ ಬಳಿಕ ಕೇಂದ್ರ ಸರ್ಕಾರ ದೇಶದಾದ್ಯಂತ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳುಹಿಸದಂತೆ ಹದಿನೈದು ದಿನಗಳ ನಿರ್ಬಂಧ ಹಾಕಿತು. ವದಂತಿ ಹೇಳಿದಂತಹ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಆದರೆ ಅಷ್ಟರಲ್ಲಿ ರೈಲುಗಳು ಹೊರಟುಹೋಗಿದ್ದವು.

ಅಂದು ಬೆಂಗಳೂರಿನಲ್ಲಿ ಪೊಲೀಸರಿದ್ದರು. ಕಾನೂನು ಇತ್ತು. ಸರ್ಕಾರ ಇತ್ತು. ಹಾಗಾದರೆ ಇಲ್ಲದೇ ಇದ್ದದ್ದು ಏನು? ಹೆದರಿದ ಒಬ್ಬ ಯುವಕ ಮೊದಲು ಓಡಿಹೋಗಿ, ‘ಅಣ್ಣಾ, ಇದು ನಿಜವೇ?’ ಎಂದು ಕೇಳಬಹುದಾದ ಒಂದು ಬಾಗಿಲು ಇರಲಿಲ್ಲ. ಹೊರಟವರಲ್ಲಿ ಅನೇಕರು ಸೆಕ್ಯುರಿಟಿ ಗಾರ್ಡ್‌ಗಳು. ರಾತ್ರಿಯೆಲ್ಲ ಎಚ್ಚರವಿದ್ದು ನಗರದ ಗೇಟುಗಳನ್ನು ಕಾದವರು. ಭಯದ ಆ ರಾತ್ರಿ, ‘ಒಳಗೆ ಬಾರಪ್ಪ, ನಾವಿದ್ದೇವೆ’ ಎನ್ನುವ ಮನೆ ಯಾವುದೆಂದು ಅವರಲ್ಲಿ ಬಹಳ ಮಂದಿಗೆ ತಿಳಿದಿರಲಿಲ್ಲ. ಅವರ ನಡುವೆ ಶಿಲುಬೆಯ ಗುರುತು ಹಾಕಿ ಮಲಗುವ ಕ್ರೈಸ್ತರೂ ಇದ್ದರು. ಒಂದು ಸುಳ್ಳಿನ ಸಾಲು ಒಂದು ಮಹಾನಗರದಿಂದ ಅಷ್ಟು ಜನರನ್ನು ಹೊರಗೆ ಓಡಿಸಿತೆಂದರೆ, ಅಲ್ಲಿ ಗೋಡೆ ಬಿರುಕು ಬಿಟ್ಟಿತ್ತೆಂದೇ ಅರ್ಥ. ಆ ಬಿರುಕು ಗಡಿಯಲ್ಲಿ ಇರಲಿಲ್ಲ, ಬೀದಿಯಲ್ಲಿತ್ತು.

ಎರಡನೆಯದು 2018ರ ಆಗಸ್ಟ್ 15. ನೆರೆಯ ಕೇರಳದಲ್ಲಿ ಮಳೆ ನಿಲ್ಲಲೇ ಇಲ್ಲ. 1924ರ ಮಹಾಪ್ರವಾಹದ ನಂತರ ಆ ರಾಜ್ಯ ಅಂತಹ ನೀರನ್ನು ಕಂಡಿರಲಿಲ್ಲ. ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು 26 ವರ್ಷಗಳ ಬಳಿಕ ತೆರೆಯಬೇಕಾಗಿತ್ತು. ಪಂಪಾ, ಪೆರಿಯಾರ್, ಚಾಲಕ್ಕುಡಿ ನದಿಗಳು ಊರೊಳಗೆ ನುಗ್ಗಿದವು. ಚೆಂಗನ್ನೂರು, ಆರನ್ಮುಳ, ಪರವೂರುಗಳಲ್ಲಿ ಜನರು ಮಾಳಿಗೆಯ ಮೇಲೆ ನಿಂತು ಕೈಬೀಸುತ್ತಿದ್ದರು. ಅದೇ ವಾರ ನಮ್ಮ ಕೊಡಗಿನಲ್ಲಿಯೂ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು. ಸೈನ್ಯ, ನೌಕಾಪಡೆ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಎಲ್ಲವೂ ಕೇರಳಕ್ಕೆ ಧಾವಿಸಿದವು. ಆದರೆ ಸೆಳೆತವಿರುವ ನೀರಿನಲ್ಲಿ, ಇಕ್ಕಟ್ಟಾದ ಬೀದಿಗಳಲ್ಲಿ, ಪ್ರತಿ ಮನೆಗೂ ತಲುಪಲು ದೋಣಿಗಳು ಸಾಲಲಿಲ್ಲ.

ಆಗ ಕಡಲ ತೀರದ ಮೀನುಗಾರರು ಎದ್ದು ನಿಂತರು. ಕೊಲ್ಲಂ, ತಿರುವನಂತಪುರ, ಆಲಪ್ಪುಳ ಕಡೆಯ ಊರುಗಳಲ್ಲಿ ಸುದ್ದಿ ಹರಡಿದಾಗ, ಅವರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿ ಒಳನಾಡಿಗೆ ಹೊರಟರು. ಸರ್ಕಾರದ ಲೆಕ್ಕದ ಪ್ರಕಾರ ಸುಮಾರು ನಾಲ್ಕೂವರೆ ಸಾವಿರ ಮೀನುಗಾರರು, ಸುಮಾರು 670 ದೋಣಿಗಳಲ್ಲಿ, 65 ಸಾವಿರಕ್ಕೂ ಹೆಚ್ಚು ಜನರನ್ನು ದಡ ಸೇರಿಸಿದರು. ಕಡಲಿನ ದೋಣಿ ಬೀದಿಯಲ್ಲಿ ಸಾಗುವಾಗ ಮುಳುಗಿದ ಕಾಂಪೌಂಡ್ ಗೋಡೆಗೆ, ಕಬ್ಬಿಣದ ಗೇಟಿಗೆ ತಗಲಿ ಸೀಳುತ್ತದೆ. ಅದೇ ಅವರ ಅನ್ನದ ಬಟ್ಟಲು. ಅದನ್ನು ತಿಳಿದೇ ಹೋದರು. ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬ ಮೀನುಗಾರ ನೀರಿನಲ್ಲಿ ಮಂಡಿಯೂರಿ, ಹೆಂಗಸರು ದೋಣಿ ಹತ್ತಲು ತನ್ನ ಬೆನ್ನನ್ನೇ ಮೆಟ್ಟಿಲಾಗಿ ಕೊಟ್ಟ ದೃಶ್ಯವನ್ನು ದೇಶವೇ ನೋಡಿತು.

ಇವರು ಯಾರು? ಎಂಟೊಂಬತ್ತು ತಿಂಗಳ ಹಿಂದೆಯಷ್ಟೇ, 2017ರ ನವೆಂಬರ್ 30ರ ಸುಮಾರಿಗೆ, ಓಖಿ ಚಂಡಮಾರುತ ಇದೇ ತೀರದ ಅನೇಕ ಮನೆಗಳ ದೀಪವನ್ನು ಆರಿಸಿತ್ತು. ಪೂಂತುರ, ವಿಳಿಞಂ ಊರುಗಳಲ್ಲಿ ತಾಯಂದಿರು, ಮಡದಿಯರು ದಿನಗಟ್ಟಲೆ ದಡದಲ್ಲಿ ಕಾದು ಕುಳಿತಿದ್ದರು. ಹೋದವರಲ್ಲಿ ಹಲವರು ಹಿಂದಿರುಗಲೇ ಇಲ್ಲ. ಮುನ್ನೆಚ್ಚರಿಕೆ ತಡವಾಯಿತು, ಹುಡುಕಾಟ ನಿಧಾನವಾಯಿತು ಎಂಬ ನೋವು ಆ ತೀರದಲ್ಲಿ ಇನ್ನೂ ಹಸಿಯಾಗಿತ್ತು. ‘ನಮ್ಮ ಕಷ್ಟಕ್ಕೆ ಯಾರು ಬಂದರು?’ ಎಂದು ಕೇಳಿ ಮನೆಯಲ್ಲಿ ಕುಳಿತುಕೊಳ್ಳುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಅವರಿಗಿತ್ತು. ಅವರು ಆ ಹಕ್ಕನ್ನು ಬದಿಗಿಟ್ಟರು. ಅವರಲ್ಲಿ ಬಹಳ ಮಂದಿ ನಮ್ಮಂತೆಯೇ ಜಪಸರ ಹಿಡಿಯುವವರು. ಮರಿಯಮ್ಮನವರ ಹಬ್ಬದ ವಾರದಲ್ಲಿ ಅವರು ಮರಿಯಮ್ಮನವರ ಹಾಗೆಯೇ ಅವಸರವಾಗಿ ಹೊರಟರು.

ಅದೇ ದಿನಗಳಲ್ಲಿ ದೇವಾಲಯ, ಮಸೀದಿ, ಚರ್ಚು, ಶಾಲೆಗಳ ಬಾಗಿಲುಗಳು ನಿರಾಶ್ರಿತರಿಗೆ ತೆರೆದುಕೊಂಡವು. ತ್ರಿಶೂರು ಜಿಲ್ಲೆಯ ಎರವತ್ತೂರಿನಲ್ಲಿ ಮಸೀದಿಯೊಳಗೆ ನೀರು ನಿಂತಿದ್ದಾಗ, ಅಲ್ಲಿಯ ಹಿಂದೂ ದೇವಾಲಯದ ಸಭಾಂಗಣದಲ್ಲಿ ಮುಸ್ಲಿಮರು ಬಕ್ರೀದ್ ನಮಾಜು ಮಾಡಿದರು. ಮರುವರ್ಷ, 2019ರ ಆಗಸ್ಟ್‌ನಲ್ಲಿ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ, ಮೃತದೇಹಗಳ ಪರೀಕ್ಷೆಗೆ ಬೇರೆ ಜಾಗವಿಲ್ಲದೆ ಪೋತುಕಲ್ಲಿನ ಮಸೀದಿಯವರು ತಮ್ಮ ಪ್ರಾರ್ಥನಾ ಸ್ಥಳವನ್ನೇ ಬಿಟ್ಟುಕೊಟ್ಟರು. ಸತ್ತವರ ಜಾತಿ ಮತವನ್ನು ಅವರು ಕೇಳಲಿಲ್ಲ. ಇಂಥ ನಂಬಿಕೆ ಪ್ರವಾಹದ ರಾತ್ರಿ ಒಮ್ಮೆಲೇ ಹುಟ್ಟುವುದಿಲ್ಲ. ಮದುವೆಗೆ ಕರೆದು, ಸಾವಿಗೆ ಹೋಗಿ, ಹಬ್ಬದ ತಿಂಡಿ ಹಂಚಿ, ಅಂಗಡಿಯಲ್ಲಿ ಸಾಲ ಕೊಟ್ಟು ತೆಗೆದುಕೊಂಡು, ಹಲವಾರು ವರ್ಷಗಳಲ್ಲಿ ಸದ್ದಿಲ್ಲದೆ ಬೆಳೆದಿರುತ್ತದೆ.

ಒಳ್ಳೆಯ ಮನಸ್ಸೊಂದೇ ಸಾಕೇ? ಸಾಲದು, ಪ್ರಿಯರೇ. ಮನಸ್ಸಿನ ಜೊತೆಗೆ ತಯಾರಿಯೂ ಬೇಕು. ಇದಕ್ಕೆ ಒಡಿಶಾ ರಾಜ್ಯ ನಮಗೆ ಪಾಠಶಾಲೆ. 1999ರ ಅಕ್ಟೋಬರ್ 29ರಂದು ಮಹಾಚಂಡಮಾರುತವೊಂದು ಪಾರಾದೀಪ್ ಬಳಿ ದಡಕ್ಕೆ ಅಪ್ಪಳಿಸಿತು. ಸಮುದ್ರವೇ ಎದ್ದು ಊರೊಳಗೆ ಬಂದಂತೆ ಅಲೆಗಳು ನುಗ್ಗಿದವು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶದಲ್ಲಿ ಇಡೀ ಹಳ್ಳಿಗಳೇ ಅಳಿದವು. ಸತ್ತವರು ಸುಮಾರು ಹತ್ತು ಸಾವಿರ. ಓಡಿಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳು ಬೆರಳೆಣಿಕೆಯಷ್ಟೇ ಇದ್ದವು.

ಆ ದುಃಖದ ವರ್ಷವೇ ಒಡಿಶಾ ತನ್ನದೇ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ಸ್ಥಾಪಿಸಿತು. ಬಳಿಕ ಕರಾವಳಿಯುದ್ದಕ್ಕೂ ನೂರಾರು ಆಶ್ರಯ ಕಟ್ಟಡಗಳು ಎದ್ದವು. ಅವುಗಳನ್ನು ಬೀಗ ಹಾಕಿ ಇಡಲಿಲ್ಲ. ಸಾಧಾರಣ ದಿನಗಳಲ್ಲಿ ಅವುಗಳಲ್ಲಿ ಹಲವು ಶಾಲೆಗಳಾದವು, ಅಂಗನವಾಡಿಗಳಾದವು. ಹಳ್ಳಿಹಳ್ಳಿಯಲ್ಲಿ ಯುವಕ ಯುವತಿಯರಿಗೆ ತರಬೇತಿ ಕೊಟ್ಟರು. ಯಾರ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾರಿಗೆ ನಡೆಯಲಾಗದು, ಯಾವ ಅಜ್ಜಿ ಒಬ್ಬಳೇ ಇದ್ದಾಳೆ ಎಂಬುದು ಮೊದಲೇ ಗೊತ್ತಿರುವಂತೆ ಮಾಡಿದರು. ವರ್ಷ ವರ್ಷವೂ ಚಂಡಮಾರುತ ಬಂದಿದೆ ಎಂದೇ ಭಾವಿಸಿ ಅಣಕು ಕಾರ್ಯಾಚರಣೆ ನಡೆಸಿದರು.

ಫಲ ಏನಾಯಿತು? 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಅತಿ ತೀವ್ರ ಚಂಡಮಾರುತ ಗೋಪಾಲಪುರದ ಬಳಿ ಬಂದಾಗ, ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸುರಕ್ಷಿತ ಜಾಗಗಳಿಗೆ ಸೇರಿಸಲಾಯಿತು. ಬಿರುಗಾಳಿ ಮತ್ತು ಅದರ ಹಿಂದೆ ಬಂದ ನೆರೆ ಎರಡೂ ಸೇರಿ ಒಡಿಶಾದಲ್ಲಿ ಸತ್ತವರ ಸಂಖ್ಯೆ ಐವತ್ತನ್ನು ದಾಟಲಿಲ್ಲ. 2019ರ ಮೇ 3ರಂದು ಪುರಿಯ ಬಳಿ ಫನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಸ್ಥಳಾಂತರಿಸಿದರು. 2020ರಲ್ಲಿ ಒಡಿಶಾದ ಎರಡು ಕಡಲೂರುಗಳನ್ನು, ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಹಳ್ಳಿಗಳನ್ನು, ಸುನಾಮಿ ಎದುರಿಸಲು ಸಿದ್ಧವಾದ ಊರುಗಳೆಂದು ಯುನೆಸ್ಕೊ ಗುರುತಿಸಿತು. ಗಾಳಿ ಅದೇ ಗಾಳಿ, ಕಡಲು ಅದೇ ಕಡಲು. ಬದಲಾದದ್ದು ಹಿಂದಿನ ಹದಿನಾಲ್ಕು ವರ್ಷಗಳನ್ನು ಆ ಜನ ಕಳೆದ ರೀತಿ. ಹತ್ತು ಸಾವಿರ ಮತ್ತು ಐವತ್ತು, ಈ ಎರಡು ಅಂಕೆಗಳ ನಡುವೆ ಇರುವ ಒಂದೊಂದು ಜೀವವೂ ಒಂದು ಮನೆಯ ಅಮ್ಮ, ಒಂದು ಮನೆಯ ಮಗು.

ಈ ಮುಂದಾಲೋಚನೆಯ ಪಾಠ ಪವಿತ್ರ ಗ್ರಂಥಕ್ಕೆ ಹೊಸತಲ್ಲ. ಈಜಿಪ್ಟಿನಲ್ಲಿ ಜೋಸೆಫನು ಏಳು ಸಮೃದ್ಧಿಯ ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಭಾಗವನ್ನು ಕಣಜಗಳಲ್ಲಿ ಕೂಡಿಡಿಸಿದ ಕಥೆ ನಮ್ಮ ಧರ್ಮೋಪದೇಶದ ಮಕ್ಕಳಿಗೂ ಗೊತ್ತು. ಬರ ಬಂದಾಗ ಆ ಕಣಜಗಳು ಪರದೇಶದವರಿಗೂ ಅನ್ನ ಕೊಟ್ಟವು. ಅವನನ್ನು ಬಾವಿಗೆ ತಳ್ಳಿ ಮಾರಿದ್ದ ಅಣ್ಣಂದಿರ ಹೊಟ್ಟೆಯನ್ನೂ ತುಂಬಿದವು.

ನಮ್ಮ ದೇಶವೂ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 1965ರಲ್ಲಿ ಯುದ್ಧ ಮತ್ತು ಧಾನ್ಯದ ಕೊರತೆ ಜೊತೆಯಾಗಿ ಬಂದಾಗ, ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡುವಂತೆ ಜನರನ್ನು ಕೇಳಿಕೊಂಡರು. ಅನೇಕ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಉರಿಯಲಿಲ್ಲ. ಉಪವಾಸದ ಬೆಲೆ ತಿಳಿದ ನಮಗೆ ಆ ಕರೆಯ ಅರ್ಥ ಚೆನ್ನಾಗಿ ಆಗುತ್ತದೆ. ಬರದ ವರ್ಷವಾದ 1966ರಲ್ಲಿ ಭಾರತ ಸುಮಾರು ಒಂದು ಕೋಟಿ ಟನ್ ಆಹಾರ ಧಾನ್ಯವನ್ನು ಹೊರದೇಶಗಳಿಂದ, ಅದರಲ್ಲೂ ಹೆಚ್ಚಿನದನ್ನು ಅಮೆರಿಕದಿಂದ ತರಿಸಿಕೊಳ್ಳಬೇಕಾಯಿತು. ಇನ್ನೊಬ್ಬರ ಹಡಗು ಬರುವ ದಾರಿ ಕಾಯುವ ದೇಶ ಧೈರ್ಯವಾಗಿ ಮಾತನಾಡುವುದು ಕಷ್ಟ. ಆ ದಿನಗಳಲ್ಲಿಯೇ ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ, ವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಮೊದಲಾದವರು, ಅವರ ಜೊತೆ ಲಕ್ಷಾಂತರ ರೈತರು, ಹೊಸ ಬಿತ್ತನೆಗೆ ಕೈಹಾಕಿದರು. 1965ರಲ್ಲಿ ಭಾರತೀಯ ಆಹಾರ ನಿಗಮ ಆರಂಭವಾಯಿತು. ಗೋದಾಮುಗಳು ತುಂಬಿದವು. ಬೀದಿಬೀದಿಗೆ ನ್ಯಾಯಬೆಲೆ ಅಂಗಡಿ ಬಂತು.

ಐವತ್ತೈದು ವರ್ಷಗಳ ಬಳಿಕ, 2020ರಲ್ಲಿ, ಕೊರೊನಾ ಇಡೀ ದೇಶದ ಬಾಗಿಲು ಮುಚ್ಚಿಸಿದಾಗ, ಸುಮಾರು 80 ಕೋಟಿ ಜನರಿಗೆ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯವನ್ನು ಉಚಿತವಾಗಿ ಕೊಡಲು ಸಾಧ್ಯವಾದದ್ದು ಆ ಗೋದಾಮುಗಳಿಂದ. ಆದರೂ ಅಲ್ಲೊಂದು ಬಿರುಕು ಕಂಡಿತು. ಊರು ಬಿಟ್ಟು ದುಡಿಯಲು ಬಂದ ಕಾರ್ಮಿಕರ ಪಡಿತರ ಚೀಟಿ ಅವರ ಊರಿನ ಅಂಗಡಿಯಲ್ಲಿ ನಡೆಯುತ್ತಿತ್ತು. ಹಸಿವು ಮಾತ್ರ ಅವರ ಜೊತೆ ಪರವೂರಿನಲ್ಲಿತ್ತು. ಗೋದಾಮಿನಲ್ಲಿ ಅಕ್ಕಿ ಇದ್ದರೂ ಹೆದ್ದಾರಿಯಲ್ಲಿ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದರು. ಆ ದೃಶ್ಯ ಮರೆಯುವಂಥದ್ದಲ್ಲ. ಆ ಬಳಿಕ, ಯಾವ ರಾಜ್ಯದ ಪಡಿತರ ಚೀಟಿಯಾದರೂ ಬೇರೆ ರಾಜ್ಯದಲ್ಲಿ ನಡೆಯುವ ವ್ಯವಸ್ಥೆ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳನ್ನೂ ತಲುಪಿತು. ಕಣಜ ತುಂಬಿಸುವುದು ಅರ್ಧ ಕೆಲಸ; ಅದರ ಬಾಗಿಲು ಬಡವನಿಗೆ ತೆರೆದಾಗಲೇ ಕೆಲಸ ಪೂರ್ತಿಯಾಗುತ್ತದೆ. ಮರಿಯಮ್ಮನವರು ಎಲಿಜಬೇತಮ್ಮನ ಮನೆಯಲ್ಲಿ ಹಾಡಿದ ಸ್ತುತಿಗೀತೆಯಲ್ಲಿ ಹಸಿದವರ ಊಟದ ಮಾತು ಬಂದಿರುವುದು ಸುಮ್ಮನೆ ಅಲ್ಲ.

ಹಳೆಯ ಒಡಂಬಡಿಕೆಯ ನೆಹೆಮೀಯನ ಗ್ರಂಥದಲ್ಲಿ ಇದಕ್ಕೆ ಒಪ್ಪುವ ಇನ್ನೊಂದು ಘಟನೆ ಇದೆ. ಜೆರುಸಲೇಮಿನ ಕೋಟೆಗೋಡೆ ಬಿದ್ದುಹೋಗಿತ್ತು, ಬಾಗಿಲುಗಳು ಸುಟ್ಟುಹೋಗಿದ್ದವು. ನೆಹೆಮೀಯನು ಅದನ್ನು 52 ದಿನಗಳಲ್ಲಿ ಕಟ್ಟಿಸಿದ. ಹೇಗೆ? ಹಲವು ಕುಟುಂಬಗಳು ತಮ್ಮ ತಮ್ಮ ಮನೆಯ ಎದುರಿಗಿದ್ದ ಭಾಗವನ್ನು ಕಟ್ಟಿದವು. ಯಾಜಕರು ಕಟ್ಟಿದರು, ಅಕ್ಕಸಾಲಿಗರು ಕಟ್ಟಿದರು, ಸುಗಂಧದ್ರವ್ಯ ಮಾಡುವವರು ಕಟ್ಟಿದರು, ಒಬ್ಬನು ತನ್ನ ಹೆಣ್ಣುಮಕ್ಕಳೊಡನೆ ಬಂದು ಕಟ್ಟಿದ. ಕಟ್ಟುವುದು ತಮ್ಮ ಕಸುಬಲ್ಲ ಎಂದು ಅವರು ಹೇಳಲಿಲ್ಲ. ಆದರೆ ಗೋಡೆ ಏಳುತ್ತಿದ್ದ ಹೊತ್ತಿನಲ್ಲಿಯೇ ಒಳಗಿನಿಂದ ಬಡವರ ಕೂಗು ಕೇಳಿಸಿತು. ತಮ್ಮ ಸ್ವಂತ ಜನರೇ ಸಾಲ ಕೊಟ್ಟು, ಬಡ್ಡಿ ಹೇರಿ, ಹೊಲ ಮನೆಗಳನ್ನು ಕಸಿದುಕೊಂಡಿದ್ದಾರೆ, ಮಕ್ಕಳನ್ನು ಜೀತಕ್ಕೆ ಇಡುವಂತಾಗಿದೆ ಎಂದು ಅವರು ಗೋಳಾಡಿದರು. ಹೊರಗೆ ಶತ್ರುಗಳಿದ್ದರೂ ನೆಹೆಮೀಯನು ಆ ಕೂಗನ್ನು ನಾಳೆಗೆ ತಳ್ಳಲಿಲ್ಲ. ಶ್ರೀಮಂತರನ್ನು ಸಭೆ ಸೇರಿಸಿ, ಕಸಿದುಕೊಂಡದ್ದನ್ನು ಹಿಂದಿರುಗಿಸುವಂತೆ ಮಾಡಿದ. ಒಳಗಿನ ಅನ್ಯಾಯವನ್ನು ಹಾಗೆಯೇ ಬಿಟ್ಟರೆ ಹೊರಗಿನ ಗೋಡೆ ಎಷ್ಟು ಎತ್ತರವಿದ್ದರೂ ಕಾಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹಾಗಾದರೆ ನಮ್ಮ ಮನೆಯ ಎದುರಿನ ಗೋಡೆ ಯಾವುದು? ದೊಡ್ಡ ಮಾತು ಬೇಡ, ನಮ್ಮ ಕೈಗೆ ಎಟಕುವ ನಾಲ್ಕು ಕಲ್ಲುಗಳನ್ನು ಎತ್ತಿಕೊಳ್ಳೋಣ.

ಮೊದಲನೆಯದು, ಗುರುತು. ನಮ್ಮ ವಾರ್ಡಿನಲ್ಲಿ, ನಮ್ಮ ಕಿರು ಕ್ರೈಸ್ತ ಸಮುದಾಯದ ಸುತ್ತಮುತ್ತ, ಒಂಟಿಯಾಗಿರುವ ವೃದ್ಧರು ಯಾರು? ಹಾಸಿಗೆ ಹಿಡಿದವರು ಯಾರು? ಮಕ್ಕಳೆಲ್ಲ ಕೊಲ್ಲಿ ರಾಷ್ಟ್ರಗಳಲ್ಲಿದ್ದು ಬೀಗದ ಕೈ ಹಿಡಿದು ಕುಳಿತ ಅಮ್ಮ ಯಾರು? ಒಡಿಶಾದ ಹಳ್ಳಿಯ ಹುಡುಗರು ಮಾಡಿದ್ದನ್ನು ನಾವು ಒಂದು ಭಾನುವಾರದ ಸಂಜೆ ಮಾಡಬಹುದು. ಆ ಹೆಸರುಗಳಲ್ಲಿ ಕ್ರೈಸ್ತರು ಮಾತ್ರ ಇರಬಾರದು. ನೀರು ಏರಿದಾಗ ಯಾರ ಮನೆಯ ಮುಂದೆ ಶಿಲುಬೆ ಇದೆ ಎಂದು ಅದು ನೋಡುವುದಿಲ್ಲ.

ಎರಡನೆಯದು, ನಾಲಿಗೆಯ ಮತ್ತು ಬೆರಳಿನ ಸಂಯಮ. 2012ರಲ್ಲಿ ಐದು ಎಸ್ಸೆಮ್ಮೆಸ್‌ಗಳ ಮಿತಿ ಹಾಕಿದ್ದರು. ಇಂದು ವಾಟ್ಸಾಪಿನಲ್ಲಿ ಒಂದು ಒತ್ತಿಗೆ ಸುದ್ದಿ ಊರಾಚೆ ಹೋಗುತ್ತದೆ. ಒಂದು ಸಮುದಾಯದ ಮೇಲೆ ಭಯವನ್ನೋ ದ್ವೇಷವನ್ನೋ ಹುಟ್ಟಿಸುವ ಮಾತು ಬಂದಾಗ, ಅದು ನಮ್ಮ ಪರವಾಗಿದ್ದರೂ ಸರಿಯೇ, ಅದನ್ನು ನಮ್ಮ ಬಳಿಯೇ ನಿಲ್ಲಿಸೋಣ. ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ಕೋರ್ಟಿಗೆ ಮಾತ್ರ ಸೇರಿದ್ದಲ್ಲ, ಮೊಬೈಲಿಗೂ ಸೇರಿದೆ.

ಮೂರನೆಯದು, ಕೈಗೆ ಬರುವ ವಿದ್ಯೆ. ನಮ್ಮ ಯುವಜನರು ಹಬ್ಬದ ಮಂಟಪ ಕಟ್ಟುವುದರಲ್ಲಿ ಚುರುಕು. ಅದೇ ಚುರುಕಿನಿಂದ ಪ್ರಥಮ ಚಿಕಿತ್ಸೆಯನ್ನೂ ಈಜನ್ನೂ ಕಲಿಯಲಿ, ರಕ್ತದಾನಕ್ಕೆ ಹೆಸರು ಕೊಡಲಿ. 112 ಮತ್ತು 108 ಯಾವಾಗ ಕರೆಯಬೇಕೆಂದು ಪ್ರತಿ ಮಗುವಿಗೂ ಗೊತ್ತಿರಲಿ. ದೇವಾಲಯದ ಸಭಾಂಗಣದ ಬೀಗದ ಕೈ ಮಧ್ಯರಾತ್ರಿ ಯಾರ ಬಳಿ ಸಿಗುತ್ತದೆ, ನೀರಿನ ತೊಟ್ಟಿ ತುಂಬಿದೆಯೇ, ಜನರೇಟರ್ ನಡೆಯುತ್ತದೆಯೇ ಎಂದು ಧರ್ಮಕೇಂದ್ರದ ಪಾಲನಾ ಸಮಿತಿ ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಲಿ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಜೀವಗಳು ಮಣ್ಣುಪಾಲಾದವು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರೊಳಗೆ ಕಟ್ಟಿ ನಿಲ್ಲಿಸಿದರು. ಆ ಸೇತುವೆ ಆ ಎರಡು ದಿನಗಳಲ್ಲಿ ಕಲಿತ ವಿದ್ಯೆಯಲ್ಲ. ಶಾಂತಿಯ ದಿನಗಳಲ್ಲಿ ಮತ್ತೆ ಮತ್ತೆ ಮಾಡಿ ಕಲಿತದ್ದು. ಆದರೆ ಸೈನ್ಯ ಬರುವ ತನಕದ ಮೊದಲ ಗಂಟೆಗಳಲ್ಲಿ ಕೈಹಿಡಿದು ಎಳೆಯುವವನು ಪಕ್ಕದ ಮನೆಯವನೇ.

ನಾಲ್ಕನೆಯದು, ಪರಊರಿನವರಿಗೆ ಒಂದು ಬಾಗಿಲು. ನಮ್ಮ ಮನೆಗಳ ಗಾರೆ ಕೆಲಸಕ್ಕೆ, ಹೋಟೆಲಿನ ಅಡುಗೆಗೆ, ಕಾಫಿ ತೋಟಕ್ಕೆ ಬಿಹಾರ, ಜಾರ್ಖಂಡ್, ಒಡಿಶಾ, ಅಸ್ಸಾಮಿನಿಂದ ಜನ ಬಂದಿದ್ದಾರೆ. ಅವರ ಹೆಸರು ಕೇಳೋಣ. ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡೋಣ. ಅವರಲ್ಲಿ ಕಥೋಲಿಕರಿದ್ದರೆ ಪೂಜೆಯ ನಂತರ ಗೇಟಿನ ಬಳಿ ನಿಂತು ಮಾತನಾಡಿಸೋಣ. ಕ್ರಿಸ್‌ಮಸ್ಸಿಗೆ ಒಂದು ತಟ್ಟೆ ಕುಸ್ವಾರ್ ಅವರ ಶೆಡ್ಡಿಗೂ ಹೋಗಲಿ. ಮುಂದೆಂದಾದರೂ ಒಂದು ಸುಳ್ಳುಸುದ್ದಿ ಹಬ್ಬಿದಾಗ, ಅವರು ರೈಲು ನಿಲ್ದಾಣಕ್ಕೆ ಓಡುವ ಮೊದಲು ನಮ್ಮ ಬಾಗಿಲು ತಟ್ಟುವಂತಾಗಲಿ. ಅಂದು ಆ ಬಾಗಿಲು ತಟ್ಟಿದ ಶಬ್ದವೇ ನಮ್ಮ ದೇಶ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಇವೆಲ್ಲ ಸಣ್ಣ ಕೆಲಸಗಳು ಎನ್ನಿಸಬಹುದು. ನಜರೇತಿನಿಂದ ಗುಡ್ಡಗಾಡಿಗೆ ನಡೆದುಹೋದ ಹುಡುಗಿಯ ಪ್ರಯಾಣವೂ ಅಂದಿನ ಜಗತ್ತಿಗೆ ಸಣ್ಣದೇ ಆಗಿತ್ತು. ರೋಮಿನ ಸಾಮ್ರಾಟನಿಗೆ ಅದು ತಿಳಿಯಲೇ ಇಲ್ಲ. ಆದರೆ ದೇವರು ಆ ಹೆಜ್ಜೆಗಳನ್ನು ಲೆಕ್ಕವಿಟ್ಟರು. ಅವರನ್ನು ಆತ್ಮ ಶರೀರಗಳೊಂದಿಗೆ ಸ್ವರ್ಗಕ್ಕೆ ಸ್ವೀಕರಿಸಿದರು ಎಂದು ಹೇಳುವಾಗ, ನೆರೆಯವಳಿಗಾಗಿ ನೀರು ಹೊತ್ತ ಕೈಗಳನ್ನೂ ಗುಡ್ಡ ಹತ್ತಿ ದಣಿದ ಕಾಲುಗಳನ್ನೂ ಸ್ವೀಕರಿಸಿದರು ಎಂದೇ ನಾವು ವಿಶ್ವಾಸಿಸುತ್ತೇವೆ. ಪ್ರೀತಿಯಿಂದ ಮಾಡಿದ ಮೈಮುರಿತದ ಕೆಲಸ ಯಾವುದೂ ದೇವರ ಮುಂದೆ ವ್ಯರ್ಥವಾಗುವುದಿಲ್ಲ.

ಆದುದರಿಂದ ಪ್ರಿಯರೇ, ಇಂದು ಧ್ವಜಕ್ಕೆ ವಂದಿಸುವಾಗ ನಮ್ಮ ಮನೆಯ ಎದುರಿನ ಆ ಗೋಡೆಯನ್ನು ನೆನೆಯೋಣ. ಯಾವ ಕಲ್ಲು ಸಡಿಲವಾಗಿದೆ ಎಂದು ಮನೆಮಂದಿ ಕುಳಿತು ಮಾತನಾಡೋಣ. ಈ ವಾರವೇ ಒಂದು ಕಲ್ಲನ್ನು ಅದರ ಜಾಗದಲ್ಲಿ ಇಡೋಣ. ಗಡಿಯಲ್ಲಿ ಎಚ್ಚರವಿರುವ ಸೈನಿಕರನ್ನೂ, ಕಡಲಿನಲ್ಲಿರುವ ಮೀನುಗಾರರನ್ನೂ, ಹೊಲದಲ್ಲಿರುವ ರೈತರನ್ನೂ, ಊರು ಬಿಟ್ಟು ದುಡಿಯುವ ಎಲ್ಲ ಸೋದರ ಸೋದರಿಯರನ್ನೂ ಈ ಬಲಿಪೂಜೆಯ ಕಾಣಿಕೆಯೊಂದಿಗೆ ಪೀಠದ ಮೇಲಿಡೋಣ. ಸ್ವರ್ಗಸ್ವೀಕೃತ ಮಾತೆ ಮರಿಯಮ್ಮನವರು ನಮ್ಮ ಭಾರತಕ್ಕಾಗಿ ಪ್ರಾರ್ಥಿಸಲಿ. ಕಷ್ಟದ ದಿನ ಬಂದಾಗ ನಮ್ಮ ಕಾಲುಗಳೂ ಅವರ ಕಾಲುಗಳ ಹಾಗೆ ನೆರೆಯವರ ಮನೆಯ ಕಡೆಗೇ ಓಡಲಿ.

ಆಮೆನ್.